ನೆಕ್ಸ್ಟ್, ನೆಕ್ಸ್ಟ್, ಫಿನಿಶ್

ಭೂಮಿಕಾ ಪೆನ್ನು ಮುಟ್ಟಲಿಲ್ಲ.

ಓಬಳೇಶಪ್ಪನವರು ಹಾಳೆಯನ್ನು ಇನ್ನೊಂದಿಷ್ಟು ಅವಳತ್ತ ಸರಿಸಿದರು. ಕುರಿ ಹಿಂಡುಗಳು ಎಲ್ಲೆಲ್ಲಿ ತಂಗಿವೆ ಎಂದು ಕಳ್ಳರಿಗೆ ತಿಳಿಸಿದ್ದು ನಾನೇ, ತಪ್ಪಾಗಿದೆ, ಮನ್ನಿಸಬೇಕು ಎಂದು ಅದರಲ್ಲಿ ಆಗಲೇ ಟೈಪಾಗಿತ್ತು. ಅವಳು ಹೇಳದ ಮಾತನ್ನು ಅವಳ ಬಾಯಿಗೆ ತುರುಕಿ, ಕೆಳಗೆ ಸಹಿಗೆ ಜಾಗ ಬಿಟ್ಟಿದ್ದರು. ಎಂಥ ಧೈರ್ಯ ನೋಡಿ ಇವರದು.

ಓಬಳೇಶಪ್ಪನವರು ಸಂಘದ ನಿರ್ದೇಶಕರಲ್ಲಿ ಹಿರಿಯರು, ಹರಪನಹಳ್ಳಿ ಕಡೆಯ ಅರಸೀಕೆರೆಯವರು, ಭೂಮಿಕಾಳ ಅಪ್ಪನ ಹಳೆಯ ಸ್ನೇಹಿತರು. ಬೆಳಿಗ್ಗೆಯಿಂದ ಆ ಹುಡುಗಿಗೆ ಕುಡಿಯಲು ನೀರು ಬೇಕೇ ಎಂದು ಕೇಳಿದವರು ಅವರೊಬ್ಬರೇ. ಸಹಿ ಹಾಕಿದರೆ ಕೆಲಸ ಹೋಗುತ್ತದೆ ಅಷ್ಟೇ, ಪೊಲೀಸರ ತನಕ ಹೋಗದಂತೆ ನೋಡಿಕೊಳ್ಳುವುದು ತಮ್ಮ ಜವಾಬ್ದಾರಿ ಎಂದು ಮೆತ್ತಗೆ ಹೇಳಿದರು. ಹಾಕದಿದ್ದರೆ ಸಂಜೆ ಕಾರ್ಯದರ್ಶಿ ಹೊನ್ನೂರಸ್ವಾಮಿ ಠಾಣೆಗೆ ಹೊರಡುತ್ತಾನೆ.

“ನನ್ ಮಗಳ ಹಂಗೆ ನೀನು. ನಿಮ್ಮಪ್ಪನ ಮುಖ ನೋಡಿ ಹೇಳ್ತೀನಿ, ಹಾಕಿಬಿಡವ್ವ.”

“ನಮ್ಮಪ್ಪನ ಮುಖ ನೋಡೇ ಹಾಕಂಗಿಲ್ರಿ ಮಾವ,” ಎಂದಳು ಭೂಮಿಕಾ. “ನಾ ಮಾಡಿಲ್ಲ. ಮಾಡದ್ದಕ್ಕ ನನ್ನ ಹೆಸರು ಬೀಳಂಗಿಲ್ಲ.”

ಅವರು ನನ್ನ ಕಡೆ ನೋಡಿದರು. ನೀವಾದರೂ ಬುದ್ಧಿ ಹೇಳಿ ಎನ್ನುವ ನೋಟ ಅದು. ಬುದ್ಧಿ ಹೇಳುವ ಕೆಲಸ ನನಗೆ ಯಾವತ್ತೂ ಒಗ್ಗಿದ್ದಿಲ್ಲ. ಹಾಳೆಯನ್ನು ಎತ್ತಿ ನಾಲ್ಕು ಮಡಿಕೆ ಮಾಡಿ ಅವರ ಅಂಗಿಯ ಜೇಬಿಗೆ ನಾನೇ ಇಟ್ಟೆ. ಸಂಜೆಯವರೆಗೆ ಸಮಯವಿದೆ ಎಂದು ನೀವೇ ಹೇಳಿದ್ದೀರಿ, ಸಂಜೆ ಬನ್ನಿ ಎಂದೆ. ಅವರು ನಿಟ್ಟುಸಿರು ಬಿಟ್ಟು ಪಕ್ಕದ ಕೋಣೆಗೆ ಹೋದರು. ಅಲ್ಲಿ ಮಿಕ್ಕ ನಿರ್ದೇಶಕರೂ ಹೊನ್ನೂರಸ್ವಾಮಿಯೂ ಮಿರ್ಚಿ ಮಂಡಕ್ಕಿ ತರಿಸಿಕೊಂಡು ಕೂತಿದ್ದರು. ಒಬ್ಬಳ ಬಾಳು ಹಾಳು ಮಾಡುವ ಸಭೆಗೂ ಮಂಡಕ್ಕಿ ಬೇಕು ಇವರಿಗೆ.

ನಾನು ಮಾಳಮ್ಮ. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್ಸ್‌ಟೇಬಲ್ ಆಗಿದ್ದವಳು, ಮೇಲಿನವರ ಜೊತೆ ಜಗಳವಾಡಿ ಹೊರಗೆ ಬಂದವಳು. ಈಗ ಕೂಡ್ಲಿಗಿಯಲ್ಲಿ ಸ್ವಂತ ಪತ್ತೇದಾರಿ ಕೆಲಸ. ಹೆಣ್ಣುಮಗಳು ಪತ್ತೇದಾರಿ ಎಂದರೆ ಬಸ್ ಸ್ಟ್ಯಾಂಡಿನಲ್ಲಿ ನಗುತ್ತಾರೆ. ನಗಲಿ, ಹಲ್ಲು ಅವರವು.

ಕೊಟ್ಟೂರಿನ ಈ ಹಸಿರುಗುಡ್ಡ ಕುರಿಗಾರರ ಸಂಘದಲ್ಲಿ ಭೂಮಿಕಾ ಕಂಪ್ಯೂಟರ್ ಆಪರೇಟರ್. ಕುರಿ ಹೊಡೆದುಕೊಂಡು ಊರೂರು ತಿರುಗುವವರು ದಿನಾ ಮಧ್ಯಾಹ್ನ ಸಂಘಕ್ಕೆ ಫೋನ್ ಮಾಡಿ, ಇವತ್ತು ಯಾರ ಹೊಲದಲ್ಲಿ ಹಿಂಡು ನಿಲ್ಲಿಸುತ್ತೇವೆ ಎಂದು ತಿಳಿಸುತ್ತಾರೆ. ರೋಗ ಬಿದ್ದರೆ ಲಸಿಕೆಯ ಗಾಡಿ ನೆಟ್ಟಗೆ ಅಲ್ಲಿಗೇ ಹೋಗಲಿ ಎಂದು ಮಾಡಿದ ಏರ್ಪಾಡು. ಭೂಮಿಕಾ ಅದನ್ನು ಕಂಪ್ಯೂಟರಿಗೆ ಏರಿಸುತ್ತಾಳೆ. ಆ ಗಾಡಿಗಿಂತ ಮೊದಲು ಕಳ್ಳರ ಗಾಡಿ ಹೋಗತೊಡಗಿತ್ತು. ಹಡಗಲಿ ಕಡೆ ಒಂದು ಹಿಂಡು, ಹಗರಿಬೊಮ್ಮನಹಳ್ಳಿ ಕಡೆ ಇನ್ನೊಂದು, ಕೊನೆಗೆ ಉಚ್ಚಂಗಿದುರ್ಗದ ಬುಡದಲ್ಲಿ ಮೈಲಮ್ಮನದು. ಮೈಲಮ್ಮನ ತಮ್ಮ ತಡೆಯಲು ಹೋಗಿ ತಲೆ ಒಡೆಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ.

ಭೂಮಿಕಾಳ ಕುತ್ತಿಗೆಗೆ ಉರುಳಾಗಿದ್ದು ಆ ಮೈಲಮ್ಮನ ಹಿಂಡೇ. ಅವತ್ತು ಮೈಲಮ್ಮ ಮೊದಲು ಒಂದು ಹೊಲ ಹೇಳಿದ್ದಳು. ಆಮೇಲೆ ಹೊಲದ ಯಜಮಾನ ಬೇಡ ಅಂದನೆಂದು ಜಾಗ ಬದಲಿಸಿ, ಇನ್ನೊಮ್ಮೆ ಫೋನ್ ಮಾಡಿದ್ದಳು. ಅಷ್ಟರಲ್ಲಿ ಆ ದಿನದ ನಮೂದು ಮುಗಿದಿತ್ತು, ಭೂಮಿಕಾ ಎರಡನೆಯದನ್ನು ಕಂಪ್ಯೂಟರಿಗೆ ಹಾಕಿರಲಿಲ್ಲ. ಆದರೂ ಕಳ್ಳರು ಹೋಗಿದ್ದು ಎರಡನೆಯ ಹೊಲಕ್ಕೆ. ಬರೆಯದೇ ಇದ್ದದ್ದು ನಿನ್ನ ಕಿವಿಗೆ ಬಿಟ್ಟು ಯಾರ ಕಿವಿಗೆ ಬಿದ್ದೀತು ಎಂದು ಹೊನ್ನೂರಸ್ವಾಮಿ ಎಲ್ಲರೆದುರು ಕೇಳಿದ್ದ. ಆ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಅದಕ್ಕೇ ನನಗೆ ಅಷ್ಟು ಸಿಟ್ಟು.

ಉತ್ತರ ಇಲ್ಲದಿದ್ದರೇನು, ಬಲೆ ಹಾಕಬಾರದೆಂದು ಇದೆಯೇ? ಭೂಮಿಕಾ ಕರೆದಳೆಂದು ಬೆಳಿಗ್ಗೆ ಬಂದವಳೇ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದೆ. ಅವಳ ಅಪ್ಪ ಉಚ್ಚಂಗೆಪ್ಪನೂ ಹಿಂಡಿನ ಜೊತೆ ಹೊರಗಿದ್ದಾನೆ, ಒಬ್ಬನೇ. ನಿಜವಾಗಿ ಎಲ್ಲಿದ್ದಾನೆಂದು ಕೇಳಿಕೊಂಡೆ. ಅವನ ಹೆಸರಿನ ಮುಂದೆ ಚಿಗಟೇರಿ ಕಡೆಯ ಒಂದು ಬೀಳು ಹೊಲವನ್ನು ಹಾಕಿಸಿದೆ. ಚಿಗಟೇರಿಗೆ ಕಳ್ಳರು ಬಂದರೆ ಕಂಪ್ಯೂಟರಿನಿಂದಲೇ ಸುದ್ದಿ ಸೋರುತ್ತಿದೆ ಎಂದು ಗೊತ್ತಾಗುತ್ತದೆ. ಅಲ್ಲಿ ನನ್ನ ಪರಿಚಯದ ಇಬ್ಬರು ಪೊಲೀಸರು ಕಾಯುತ್ತಾರೆ. ಅಪ್ಪನ ಹಿಂಡನ್ನೇ ಮುಂದಿಟ್ಟು ಆಡುವ ಆಟ, ಬೇಡವೆಂದರೆ ಬಿಟ್ಟುಬಿಡುತ್ತೇನೆ ಎಂದಿದ್ದೆ. ಆಡೋಣ ಎಂದವಳು ಅವಳೇ.

ಈಗ ಆ ಕಂಪ್ಯೂಟರಿನ ಮುಂದೆ ಕ್ರಾಂತಿ ಕೂತಿದ್ದ.

ಕ್ರಾಂತಿ ಹರಪನಹಳ್ಳಿಯವನು. ಕುರಿಯ ಕಿವಿಗೆ ಹಾಕುವ ಬಿಲ್ಲೆಯನ್ನು ಮುದ್ರಿಸುವ ಸಾಫ್ಟ್‌ವೇರ್ ಮಾಡಿಕೊಟ್ಟವನು. ಈ ಯಂತ್ರಕ್ಕೆ ಇತ್ತೀಚೆಗೆ ಹೊಸದಾಗಿ ಸೇರಿದ್ದು ಆ ಸಾಫ್ಟ್‌ವೇರಿನ ಪ್ಯಾಕೇಜ್ ಒಂದೇ, ಅದಕ್ಕೇ ಅವನನ್ನು ಕರೆಸಿದ್ದೆ. ಅವನು ಒಳಗೆ ಬಂದಾಗಲೇ ನಾನು ಬಾಗಿಲು ಮುಂದೆ ಮಾಡಿ, ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದೆ. ಓಬಳೇಶಪ್ಪನವರಿಗೆ ದಾರಿ ಬಿಡಲಷ್ಟೇ ಸರಿದವಳು, ಈಗ ಮತ್ತೆ ಅಲ್ಲೇ ನಿಂತೆ. ಅವನಿಗೂ ಅದು ಅರ್ಥವಾಗಿತ್ತು. ಬೆನ್ನ ಮೇಲೆ ಅಂಗಿ ಒದ್ದೆಯಾಗಿತ್ತು.

ನಿನ್ನ ಪ್ಯಾಕೇಜ್ ಹಾಕಿದ ಮೇಲೆ ಇಲ್ಲಿ ಏನೇನು ಸೇರಿಕೊಂಡಿದೆ, ಎಲ್ಲವನ್ನೂ ತೋರಿಸು ಎಂದೆ.

ಅವನು ಒಂದು ದೊಡ್ಡ ಪಟ್ಟಿಯನ್ನು ತೆರೆದ. ಪರದೆಯ ಮೇಲೆ ಕಾಣದೆ, ಕಿಟಕಿ ತೆರೆಯದೆ, ಯಂತ್ರ ಶುರುವಾದ ಕೂಡಲೇ ತಾವೂ ಎದ್ದು ಹಿಂದೆ ಕೂತು ದುಡಿಯುವ ಕಾರ್ಯಕ್ರಮಗಳಂತೆ ಅವು. ಸರ್ವಿಸ್ ಎನ್ನುತ್ತಾರೆ. ಬಹಳಷ್ಟು ಯಂತ್ರದ ಜೊತೆಗೇ ಬಂದವು. ಉಳಿದವನ್ನು ನಾವೇ ಒಳಗೆ ಬಿಟ್ಟುಕೊಳ್ಳುತ್ತೇವೆ. ಒಂದು ಸಾಫ್ಟ್‌ವೇರ್ ಹಾಕುವಾಗ ಅದರ ಪ್ಯಾಕೇಜು ತನಗೆ ಬೇಕಾದ ಸರ್ವಿಸನ್ನು ತಾನೇ ಕೂರಿಸುತ್ತದೆ, ಹಾಕುವವರು ಓದುವುದೇ ಇಲ್ಲ ಎಂದ.

ಭೂಮಿಕಾ ಅದನ್ನು ಅಲ್ಲಗಳೆಯಲಿಲ್ಲ. ಹೊನ್ನೂರಸ್ವಾಮಿಯ ಮೇಜಿನ ಮೇಲಿದ್ದ ಪೆನ್‌ಡ್ರೈವಿನಿಂದ ತಾನೇ ಹಾಕಿದ್ದು, ನೆಕ್ಸ್ಟ್, ನೆಕ್ಸ್ಟ್, ಫಿನಿಶ್ ಎಂದು ಒತ್ತಿದ್ದು ನಿಜ ಎಂದಳು. ಯಾರು ತಾನೇ ಓದುತ್ತಾರೆ? ನಾನಂತೂ ಬ್ಯಾಂಕಿನ ಕಾಗದವನ್ನೂ ಓದದೆ ಸಹಿ ಹಾಕಿದವಳು.

“ಇದರಾಗ ನಿಂದು ಯಾವುದು?”

ಕ್ರಾಂತಿ ಒಂದು ಸಾಲನ್ನು ತೋರಿಸಿದ. ಅದರ ಕೆಳಗೆ ಇನ್ನೊಂದು ಸಾಲಿತ್ತು. ಅದರ ಹೆಸರಲ್ಲೂ ಟ್ಯಾಗ್ ಪ್ರಿಂಟರ್ ಎಂದೇ ಇತ್ತು. ಹಾಗಾದರೆ ಇದು ಎಂದೆ. ಅವನು ಹಣೆ ಗಂಟಿಕ್ಕಿ ಅದನ್ನು ತೆರೆದ. ಸರ್ವಿಸ್ ಏತಕ್ಕಾಗಿ ಇದೆ ಎಂದು ಹೇಳುವ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿತ್ತು. ಭೂಮಿಕಾ ಬಗ್ಗಿ ಓದಿದಳು.

“ಇದು ಪ್ರಿಂಟಿಗೆ ಬೇಕಾಗೈತೆ. ನಿಲ್ಲಿಸಬೇಡ್ರಿ.”

ನನಗೆ ನಗು ಬಂತು, ನಗುವ ಹೊತ್ತಲ್ಲದಿದ್ದರೂ. ಕಂಪ್ಯೂಟರ್ ನಿಧಾನವಾದರೆ ಆಪರೇಟರುಗಳು ಕಂಡಕಂಡದ್ದನ್ನು ನಿಲ್ಲಿಸುತ್ತಾರೆ. ತನ್ನದನ್ನೂ ನಿಲ್ಲಿಸಿಬಿಟ್ಟಾರು ಎಂದು ಹೆದರಿದವನು ಅವರಿಗೆ ತಿಳಿಯುವ ಭಾಷೆಯಲ್ಲೇ ಬೇಡಿಕೊಂಡಿದ್ದಾನೆ. ಬೇಡಿಕೊಳ್ಳುವ ಅವಸರದಲ್ಲಿ ತನ್ನ ಊರನ್ನೂ ಬರೆದಿಟ್ಟಿದ್ದಾನೆ.

ನಮ್ಮ ಕೂಡ್ಲಿಗಿ ಕಡೆ ಮನಿ, ಸಂತಿ, ಐತಿ ಎನ್ನುತ್ತೇವೆ. ಭೂಮಿಕಾ ಬರೆದಿದ್ದರೆ ಬೇಕಾಗೈತಿ ಎಂದು ಬರೆಯುತ್ತಿದ್ದಳು, ನಿಲ್ಲಸಬ್ಯಾಡ್ರಿ ಎನ್ನುತ್ತಿದ್ದಳು. ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ನಾಲಿಗೆ ಎಲ್ಲಿಗೆ ಹೋಗುತ್ತದೆ? ಹರಪನಹಳ್ಳಿಯ ಕಡೆ ಹೋದ ಹಾಗೆ, ದಾವಣಗೆರೆಯ ಗಾಳಿ ಬೀಸಿದ ಹಾಗೆ, ಐತಿ ಹೋಗಿ ಐತೆ ಆಗುತ್ತದೆ. ನಾನು ಕ್ರಾಂತಿಯ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದೆ.

“ಬೇಕಾಗೈತೆ ಅಂದವ ನೀನ. ನಿಮ್ಮೂರ ಮಾತು ಇದು.”

“ನಮ್ಮೂರ ಮಾತೇ,” ಎಂದ ಕ್ರಾಂತಿ. ಅಲ್ಲಿಯವರೆಗೆ ಬೆವರುತ್ತಿದ್ದವನ ದನಿ ಏರಿತು. “ನಮ್ಮೂರಾಗೆ ಎಲ್ಲಾರೂ ಹಿಂಗೇ ಮಾತಾಡ್ತಾರೆ ಮೇಡಂ. ಅಷ್ಟಕ್ಕೇ ನನ್ ಕೈಗೆ ಕೋಳ ಹಾಕ್ತೀರಾ? ಮಾತು ನಂದು, ಕೆಲಸ ನಂದಲ್ಲ.”

ಸಾಬೀತು ಮಾಡು ಎಂದೆ.

ಮಾಡುತ್ತೇನೆ ಎಂದ. ಎದ್ದು ಹೋಗಲು ನೋಡಲಿಲ್ಲ, ಗೊಣಗಲಿಲ್ಲ, ಕುರ್ಚಿಯನ್ನು ಮತ್ತೆ ಯಂತ್ರದ ಕಡೆ ತಿರುಗಿಸಿಕೊಂಡ. ಸಿಟ್ಟು ಬಂದ ಮನುಷ್ಯ ನನಗೆ ಯಾವಾಗಲೂ ಹಿಡಿಸುತ್ತಾನೆ. ಕಳ್ಳರಿಗೆ ಸಿಟ್ಟು ಬರುವುದು ಕಡಿಮೆ, ಅವರು ಬೇಗ ಅಳುತ್ತಾರೆ.

ಅವನ ವಾದ ಇಷ್ಟು. ಪ್ಯಾಕೇಜ್ ಕಟ್ಟುವಾಗ ಏನೇನು ಕೂರಿಸಬೇಕು ಎಂದು ಬರೆದ ಹಾಗೆಯೇ, ತೆಗೆಯುವಾಗ ಏನೇನು ಹೊತ್ತುಕೊಂಡು ಹೋಗಬೇಕು ಎಂದೂ ಬರೆಯಬೇಕು. ಸರ್ವಿಸನ್ನು ಮೊದಲು ನಿಲ್ಲಿಸಬೇಕು, ಆಮೇಲೆ ಅಳಿಸಬೇಕು, ಹಿಂದೆ ಕಸ ಬಿಡಬಾರದು. ಅವನು ಕಟ್ಟಿದ್ದನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಅವನದೆಲ್ಲ ಹೋಗಬೇಕು. ಕಳ್ಳತನದ್ದು ಹೋಗಬಾರದು, ಯಾಕೆಂದರೆ ಕಳ್ಳನಿಗೆ ಅದು ಉಳಿಯುವುದೇ ಬೇಕು.

ನಮ್ಮ ಕಣ್ಣೆದುರಿಗೇ ತನ್ನ ಸಾಫ್ಟ್‌ವೇರನ್ನು ಕಿತ್ತು ಹಾಕಿದ. ಹಸಿರು ಪಟ್ಟಿ ಓಡಿತು, ಮುಗಿಯಿತು. ಪಟ್ಟಿಯನ್ನು ಮತ್ತೆ ತೆರೆದ. ಅವನ ಸಾಲು ಹೋಗಿತ್ತು. ಕೆಳಗಿನ ಸಾಲು ಹಾಗೇ ಇತ್ತು, ಚಾಲನೆಯಲ್ಲಿದೆ ಎಂದು ತೋರಿಸುತ್ತ.

“ನೋಡ್ರಿ. ನನ್ ಪ್ಯಾಕೇಜ್ ಬಿಚ್ಚಿ, ಒಳಗೆ ಇದನ್ನ ಸೇರ್ಸಿ, ಮತ್ತೆ ಕಟ್ಟಿದಾರೆ. ನನ್ ಹೆಸರಲ್ಲಿ.”

ಅವನು ಪ್ಯಾಕೇಜನ್ನು ಕಳಿಸಿದ್ದು ನಿರ್ದೇಶಕರ ವಾಟ್ಸ್ಆ್ಯಪ್ ಗುಂಪಿಗೆ. ಅದನ್ನು ಪೆನ್‌ಡ್ರೈವಿಗೆ ಇಳಿಸಿ ಹೊನ್ನೂರಸ್ವಾಮಿಯ ಮೇಜಿನ ಮೇಲೆ ಇಟ್ಟವರು ಯಾರೆಂದು ಅವನಿಗೂ ಗೊತ್ತಿಲ್ಲ, ಭೂಮಿಕಾಳಿಗೂ ಗೊತ್ತಿಲ್ಲ. ಗೋಡೆಯ ಆಚೆಯಿಂದ ಮಂಡಕ್ಕಿ ತಿನ್ನುವವರ ನಗು ಕೇಳಿಸುತ್ತಿತ್ತು. ಆ ಕೋಣೆಯವರಲ್ಲಿ ಒಬ್ಬ ಎಂದು ನನ್ನ ಮನಸ್ಸು ಹೇಳಿತು. ಹೊನ್ನೂರಸ್ವಾಮಿಯೇ ಎಂದೂ ಹೇಳಿತು. ಮೇಜು ಅವನದು, ಆತುರವೂ ಅವನದು.

ಆ ಸಾಲನ್ನು ಈಗಲೇ ಅಳಿಸಿಬಿಡಲೇ ಎಂದು ಕ್ರಾಂತಿ ಕೇಳಿದ. ಬೇಡ ಎಂದೆ. ಅಳಿಸಿದರೆ ಅದನ್ನು ಕೂರಿಸಿದವನಿಗೆ ಗೊತ್ತಾಗುತ್ತದೆ, ಚಿಗಟೇರಿಗೆ ಯಾರೂ ಬರುವುದಿಲ್ಲ. ಓದುತ್ತಿರುವವನು ಓದಲಿ, ನಾವು ಬರೆದದ್ದನ್ನೇ ಓದಲಿ ಎಂದು ಗತ್ತಿನಿಂದಲೇ ಹೇಳಿದೆ.

ಕ್ರಾಂತಿ ತಲೆ ಅಲ್ಲಾಡಿಸಿದ. ಅದು ಇರುವ ಫೋಲ್ಡರನ್ನು ತೆರೆದಿದ್ದ ಅವನು. ಇದು ಏನನ್ನೂ ಓದುತ್ತಿಲ್ಲ ಎಂದ. ಹಿಂಡುಗಳ ಪಟ್ಟಿಯನ್ನು ಇದು ಮುಟ್ಟಿಯೇ ಇಲ್ಲ.

“ಮತ್ತೇನು ಮಾಡಾಕತ್ತೈತಿ?”

ಅವನು ಸಾಲಾಗಿ ಕೂತಿದ್ದ ಫೈಲುಗಳಲ್ಲಿ ಒಂದನ್ನು ಒತ್ತಿದ. ಸ್ಪೀಕರಿನಿಂದ ಕುರ್ಚಿ ಎಳೆದ ಸದ್ದು ಬಂತು. ಆಮೇಲೆ ಹೆಂಗಸಿನ ಒಂದು ಒರಟು ದನಿ. ಯಾರಪ್ಪಾ ಇವಳು ಎಂದುಕೊಂಡೆ. ನಾನೇ.

“ಭೂಮಿ, ನಿಮ್ಮಪ್ಪ ಖರೇನ ಎಲ್ಲಿ ಅದಾನ?”

“ಕಾನಹೊಸಹಳ್ಳಿ ಹಿಂದಿನ ಗುಡ್ಡ ಅಕ್ಕಾ. ಕಾನಹೊಸಹಳ್ಳಿ ಹಿಂದಿನ ಗುಡ್ಡದ ಓರಿ, ಒಬ್ನ ಅದಾನ.”

ಬೆಳಿಗ್ಗೆ ನಾವಿಬ್ಬರೇ ಕೂತು ಆಡಿದ ಮಾತು.

ಭೂಮಿಕಾ ತನ್ನ ಕುತ್ತಿಗೆಗೆ ಇಳಿಬಿದ್ದಿದ್ದ ಹೆಡ್‌ಫೋನನ್ನೂ ಅದರ ಮೈಕನ್ನೂ ನೋಡಿಕೊಂಡಳು. ಎರಡೂ ಕೈಯಲ್ಲಿ ಟೈಪು ಮಾಡಬೇಕೆಂದು ಸಂಘದ ಮೊಬೈಲನ್ನು ಕಂಪ್ಯೂಟರಿಗೆ ಜೋಡಿಸಿ ಅದರಲ್ಲೇ ಮಾತಾಡುತ್ತಾಳೆ. ಗುಡ್ಡದ ಮೇಲಿಂದ ಕುರಿಗಾರರ ದನಿ ಒಡೆದೊಡೆದು ಬರುವುದರಿಂದ, ಅವರು ಹೇಳಿದ ಜಾಗವನ್ನು ಎರಡು ಸಲ ಗಟ್ಟಿಯಾಗಿ ಹೇಳಿ ಖಾತ್ರಿ ಮಾಡಿಕೊಳ್ಳುವುದು ಅವಳ ರೂಢಿ. ಮೈಲಮ್ಮನ ಎರಡನೆಯ ಹೊಲವನ್ನೂ ಹಾಗೇ ಹೇಳಿದ್ದಳು. ಬರೆದಿರಲಿಲ್ಲ, ಹೇಳಿದ್ದಳು.

ಇವಳ ಅಚ್ಚುಕಟ್ಟೇ ಇವಳಿಗೆ ಮುಳುವಾಗಿತ್ತು. ಮತ್ತೆ ನಾನು, ಇಷ್ಟು ವರ್ಷ ಕಳ್ಳರನ್ನು ಹಿಡಿದವಳು, ಆ ಮೈಕಿನ ಮುಂದೆ ಕೂತು ಬಲೆಯ ಗುಟ್ಟನ್ನೆಲ್ಲ ಒಪ್ಪಿಸಿದ್ದೆ. ಚಿಗಟೇರಿ, ಕಾಯುವ ಪೊಲೀಸರು, ಕಾನಹೊಸಹಳ್ಳಿ ಗುಡ್ಡ, ಎಲ್ಲ. ನನ್ನ ಬಾಯಿಗೆ ಬೆಂಕಿ ಬೀಳಲಿ.

ಈ ಮಾತುಗಳು ಎಲ್ಲಿಗೆ ಹೋಗುತ್ತವೆ ಎಂದು ಕ್ರಾಂತಿಯ ಕಿವಿಯಲ್ಲಿ ಪಿಸುಗುಟ್ಟಿದೆ. ಅವನು ಪಟಪಟ ಏನೇನೋ ಒತ್ತಿದ. ಆಮೇಲೆ ಮೊಬೈಲಿನಲ್ಲಿ ಟೈಪು ಮಾಡಿ ನನ್ನ ಮುಂದೆ ಹಿಡಿದ. ಹೊರಗೆ ಎಲ್ಲೂ ಹೋಗುತ್ತಿಲ್ಲ. ಇದೇ ಕಟ್ಟಡದ ವೈಫೈನಲ್ಲಿ ಇರುವ ಒಂದು ಫೋನಿಗೆ ಹೋಗುತ್ತಿದೆ. ಈಗಲೂ.

ಗೋಡೆಯ ಆಚೆ ನಗು ನಿಂತಿತ್ತು.

ನಾನು ತುಟಿಯ ಮೇಲೆ ಬೆರಳಿಟ್ಟೆ. ಭೂಮಿಕಾ ಅದನ್ನು ನೋಡಿದಳು, ನೋಡಿಯೂ ನೋಡದವಳಂತೆ ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡಳು.

“ಯಾರಾದರ ಆಗು, ಕೇಳು. ಇಷ್ಟು ದಿನ ನನ್ನ ಬಾಯಿಂದ ಕದ್ದಿ. ಈಗ ನಾನ ಹೇಳತೀನಿ. ನನ್ನ ಸಹಿ ನಿನಗ ಸಿಗಂಗಿಲ್ಲ. ನಮ್ಮಪ್ಪನ ಒಂದು ಮರಿ ಸೈತ ಸಿಗಂಗಿಲ್ಲ. ಮೈಲಮ್ಮಕ್ಕನ ತಮ್ಮನ ತಲಿ ಒಡದ ಕೈ ಯಾವುದು ಅಂತ ಕೊಟ್ಟೂರು ಸಂತ್ಯಾಗ ನಿಂತು ಹೇಳತೀನಿ.”

ಪರದೆಯ ಮೇಲೆ ಆ ಸಾಲು ಬದಲಾಯಿತು. ಚಾಲನೆಯಲ್ಲಿದೆ ಎಂದಿದ್ದದ್ದು ನಿಂತಿದೆ ಎಂದಾಯಿತು. ನಮ್ಮಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ. ಕ್ರಾಂತಿ ಎರಡೂ ಕೈಗಳನ್ನು ಮೇಲೆತ್ತಿ ತೋರಿಸಿದ.

ನಾನು ಓಡಿದೆ. ವಯಸ್ಸಾದ ಮೊಣಕಾಲು, ಆದರೂ ಓಡಿದೆ. ಪಕ್ಕದ ಕೋಣೆಯ ಬಾಗಿಲನ್ನು ಎಳೆದುಕೊಂಡು ಹೊರಗಿನಿಂದ ಚಿಲಕ ಜಡಿದೆ. ಒಳಗೆ ಕುರ್ಚಿಗಳು ಸರಿದವು. ಇದೇನು ದಬ್ಬಾಳಿಕೆ, ಬಾಗಿಲು ತೆಗೀರಿ ಎಂದು ಹೊನ್ನೂರಸ್ವಾಮಿ ಕೂಗತೊಡಗಿದ. ಎಲ್ಲರ ಫೋನನ್ನೂ ನೋಡುವವರೆಗೆ ತೆಗೆಯುವುದಿಲ್ಲ, ನಿನ್ನ ಠಾಣೆಯವರನ್ನು ಇಲ್ಲಿಗೇ ಕರೆಸು, ನಾನೇ ಕುರ್ಚಿ ಹಾಕುತ್ತೇನೆ ಎಂದು ನಾನೂ ಕೂಗಿದೆ. ಸಂಘದ ನಿರ್ದೇಶಕರನ್ನು ಸಂಘದಲ್ಲೇ ಕೂಡಿಹಾಕಿದ ಖುಷಿ ನನಗೆ ಅರೆಗಳಿಗೆಯೂ ಉಳಿಯಲಿಲ್ಲ.

ಕೆಳಗೆ ಬೀದಿಯಲ್ಲಿ ಬೈಕೊಂದು ಶುರುವಾಯಿತು.

ಕಿಟಕಿಗೆ ಬಂದು ಬಗ್ಗಿದೆ. ಬಸ್ ಸ್ಟ್ಯಾಂಡಿನ ಕಡೆ ತಿರುಗಿದ ಬೈಕಿನ ಹಿಂಭಾಗ ಕಂಡಿತು, ಹೆಲ್ಮೆಟ್ ಕಂಡಿತು, ಮುಖ ಕಾಣಲಿಲ್ಲ. ಅಡ್ಡ ನಿಂತ ಲಗೇಜ್ ಆಟೊದ ಹಿಂದೆ ಮರೆಯಾಯಿತು. ನಾನು ಚಿಲಕ ಹಾಕುವ ಮೊದಲೇ ಒಬ್ಬ ಇಳಿದು ಹೋಗಿದ್ದ. ಕೂಡಿಹಾಕಿದ್ದು ಉಳಿದವರನ್ನು.

ಒಳಗೆ ಯಾರಿಲ್ಲ ಹೇಳ್ರಿ ಎಂದು ಬಾಗಿಲು ಬಡಿದೆ. ಒಳಗಿನವರೆಲ್ಲ ಒಟ್ಟಿಗೆ ಬೈಯುತ್ತಿದ್ದರು. ಒಂದು ಹೆಸರೂ ತಿಳಿಯಲಿಲ್ಲ.

ಭೂಮಿಕಾ ತನ್ನ ಸ್ಕೂಟಿಯ ಕೀ ಹಿಡಿದು ಹೊರಗೆ ಬಂದಳು. ಇನ್ನೊಂದು ಕೈಯಲ್ಲಿ ಅವಳದೇ ಫೋನು, ಅಪ್ಪನ ನಂಬರಿಗೆ ಹಚ್ಚಿದ್ದಳು. ನನಗೂ ಕೇಳಲೆಂದು ದನಿ ದೊಡ್ಡದು ಮಾಡಿದಳು. ಒಂದು ಸಲ ಪೂರ್ತಿ ರಿಂಗಾಗಿ ನಿಂತಿತು. ಎರಡನೆಯ ಸಲಕ್ಕೆ ಉಚ್ಚಂಗೆಪ್ಪ ಎತ್ತಿದ. ಹಿಂದೆ ಕುರಿಗಳ ಸದ್ದು, ಗಾಳಿಯ ಸದ್ದು. ಎತ್ತಿದನಲ್ಲ ಎಂದು ನನಗೆ ಜೀವ ಬಂದಂತಾಯಿತು.

“ಅಪ್ಪಾ, ಗುಡ್ಡದ ಮ್ಯಾಲೆ ಇರು. ಯಾರು ಕರದರೂ ಇಳಿಬ್ಯಾಡ. ನಾ ಬರಾಕತ್ತೀನಿ.”

“ನೀ ಯಾಕ ಹೆದರತೀಯವ್ವ,” ಎಂದ ಉಚ್ಚಂಗೆಪ್ಪ. ಅವನ ದನಿಯಲ್ಲಿ ನಿರಾಳವಿತ್ತು. “ಕಳ್ಳರು ಗುಡ್ಡಕ್ಕ ಬರತಾರಂತ, ತಾಸಿನ ಹಿಂದ ಓಬಳೇಶಪ್ಪ ಫೋನ್ ಮಾಡಿದ್ದ. ಕುರಿ ಹೊಡಕೊಂಡು ಹೈವೇ ಪಕ್ಕಕ್ಕ ಬಾ, ನಾನ ಗಾಡಿ ಕಳಸೀನಿ, ನಾನೂ ಬರತೀನಿ ಅಂದ. ಆಗಲೇ ಇಳಿಸೀನಿ. ಗಾಡಿ ಬಂದು ನಿಂತೈತಿ.”